ವೆಲ್ಡಿಂಗ್ ಮೆಷಿನ್‌ಗೆ ಗಾಡಿ: ಚಕ್ರದಿಂದ ಶುರು ಮಾಡಿ

ಭಾರದ ವೆಲ್ಡಿಂಗ್ ಮೆಷಿನ್ ಇಟ್ಟ ಕಡೆಯೇ ಬೇರು ಬಿಡುತ್ತದೆ. ಅದನ್ನು ಸರಿಸಲಾಗದೆ ಕೇಬಲ್ ಎಳೆದಾಡುತ್ತೇವೆ, ಇಲ್ಲವೇ ಕೆಲಸವನ್ನೇ ಅದರ ಹತ್ತಿರ ಹೊತ್ತು ತರುತ್ತೇವೆ. ಗಟ್ಟಿಯಾದ ಗಾಡಿ ಇದ್ದರೆ ಈ ಪಾಡು ತಪ್ಪುತ್ತದೆ. ಆದರೆ ಎಷ್ಟೋ ಮಂದಿ ಫ್ರೇಮ್‌ಗೆ ದಪ್ಪ ಕಬ್ಬಿಣ ಹಾಕಿ, ಚಕ್ರಕ್ಕೆ ಮಾತ್ರ ಕೈಗೆ ಸಿಕ್ಕಿದ್ದನ್ನು ಜೋಡಿಸುತ್ತಾರೆ. ಗಾಡಿ ಕೈಕೊಡುವುದು ಅಲ್ಲೇ.

ಮೊದಲು ಒಟ್ಟು ತೂಕ ಲೆಕ್ಕ ಹಾಕಿ. ಮೆಷಿನ್ 120 ಕೆ.ಜಿ., ತುಂಬಿದ ಗ್ಯಾಸ್ ಸಿಲಿಂಡರ್ 80, ಕೇಬಲ್ ಮತ್ತು ಸಾಮಾನು 20, ಗಾಡಿಯದೇ ತೂಕ 30 ಎಂದುಕೊಳ್ಳೋಣ. ಒಟ್ಟು 250 ಕೆ.ಜಿ. ಇದನ್ನು ನಾಲ್ಕರಿಂದ ಅಲ್ಲ, ಮೂರರಿಂದ ಭಾಗಿಸಿ. ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ, ಅಲ್ವಾ? ಒಂದು ಚಕ್ರ ತುಸು ಎದ್ದರೂ ಭಾರವೆಲ್ಲ ಉಳಿದ ಮೂರರ ಮೇಲೆ ಬೀಳುತ್ತದೆ. ಲೆಕ್ಕಕ್ಕೆ ಸುಮಾರು 84 ಕೆ.ಜಿ. ಬಂತು. ಹಾಗಾಗಿ 100 ಕೆ.ಜಿ.ಗಿಂತ ಜಾಸ್ತಿ ಹೊರುವ ಚಕ್ರವನ್ನೇ ತನ್ನಿ.

ಗಾತ್ರದಲ್ಲೂ ಜಿಪುಣತನ ಬೇಡ. 150 ಮಿ.ಮೀ. ಚಕ್ರ ಸಣ್ಣಪುಟ್ಟ ಬಿರುಕು, ಕಸ, ಬಿದ್ದ ವೆಲ್ಡಿಂಗ್ ರಾಡ್ ತುಂಡುಗಳನ್ನು ಸುಲಭವಾಗಿ ದಾಟುತ್ತದೆ. 50 ಮಿ.ಮೀ. ಚಕ್ರ ಅಲ್ಲೇ ತಡೆದು ನಿಲ್ಲುತ್ತದೆ, ಮೇಲಿನ ಭಾರ ಮುಂದಕ್ಕೆ ವಾಲುತ್ತದೆ. ಒಂದು ಕಡೆ ಎರಡು ತಿರುಗದ ಚಕ್ರ (ನೇರ ಮಾತ್ರ ಉರುಳುವಂಥವು), ಇನ್ನೊಂದು ಕಡೆ ಬ್ರೇಕ್ ಇರುವ ಎರಡು ತಿರುಗುವ ಚಕ್ರ (ಯಾವ ದಿಕ್ಕಿಗೂ ಹೊರಳುವಂಥವು) ಸಾಕು. ಹಿಡಿಕೆ ತಿರುಗುವ ಚಕ್ರಗಳ ಕಡೆಗಿದ್ದರೆ ದಿಕ್ಕು ಬದಲಿಸುವುದು ಹಗುರ. ಈ ಚಕ್ರಗಳು ಪೂರ್ತಿ ಒಂದು ಸುತ್ತು ತಿರುಗಲು ಜಾಗ ಇದೆಯೇ ಎಂದು ಕಬ್ಬಿಣ ಕತ್ತರಿಸುವ ಮೊದಲೇ ನೋಡಿಕೊಳ್ಳಿ. ಅವು ಒಳಮುಖ ಹೊರಳಿದಾಗ ಗಾಡಿ ನೆಲಕ್ಕೆ ಊರುವ ಅಗಲ ಕಿರಿದಾಗುತ್ತದೆ. ಅದಕ್ಕೇ ತಳವನ್ನು ಮೆಷಿನ್‌ಗಿಂತ ಅಗಲವಾಗಿ ಮಾಡಬೇಕು.

ಫ್ರೇಮ್‌ಗೆ 40×40 ಅಳತೆಯ, 3 ಮಿ.ಮೀ. ದಪ್ಪದ ಸ್ಕ್ವೇರ್ ಪೈಪ್ ಚೆನ್ನಾಗಿ ಒದಗುತ್ತದೆ. ಸತು ಲೇಪನ ಇದ್ದರೆ ಬೆಸೆಯುವ ಜಾಗದಲ್ಲಿ ಉಜ್ಜಿ ತೆಗೆಯಿರಿ, ಅದರ ಹೊಗೆ ಜ್ವರ ತರಿಸುತ್ತದೆ. ನಾಲ್ಕು ಪೈಪ್‌ಗಳನ್ನು ಸಮ ನೆಲದ ಮೇಲೆ ಜೋಡಿಸಿ, ಮೂಲೆಗಳಿಗೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ಬೆಸುಗೆ) ಮಾತ್ರ ಹಾಕಿ. ಈಗ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡೂ ಅಳತೆ ಒಂದೇ ಬಂದರೆ ಚೌಕಟ್ಟು ನೇರವಾಗಿದೆ ಎಂದರ್ಥ. ಇಲ್ಲದಿದ್ದರೆ ಉದ್ದ ಬಂದ ಮೂಲೆಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸರಿಪಡಿಸಿ. ಆಮೇಲೆ 2.5 ಮಿ.ಮೀ. ರಾಡ್‌ನಲ್ಲಿ, ಒಂದು ಮೂಲೆ ಆದ ಮೇಲೆ ಅದರ ಎದುರು ಮೂಲೆ ಎಂಬಂತೆ ಬೆಸೆಯಿರಿ. ಒಂದೇ ಕಡೆ ಬೆಸೆಯುತ್ತಾ ಹೋದರೆ ಕಾವಿಗೆ ಫ್ರೇಮ್ ಸೊಟ್ಟಗಾಗುತ್ತದೆ.

ಚಕ್ರಗಳನ್ನು ಮಾತ್ರ ಬೆಸೆಯಬೇಡಿ. ಫ್ರೇಮ್‌ನ ಮೂಲೆಗಳಿಗೆ 6 ಮಿ.ಮೀ. ಪ್ಲೇಟ್ ಬೆಸೆದು, ತೂತು ಕೊರೆದು, ಬೋಲ್ಟ್ ಹಾಕಿ. ಬೇರಿಂಗ್ ಸುಡುವುದಿಲ್ಲ, ಚಕ್ರ ಸವೆದಾಗ ಬದಲಿಸಲೂ ಬರುತ್ತದೆ.

ಮೆಷಿನ್ ಆದಷ್ಟು ಕೆಳಗೆ ಕೂರಬೇಕು. ನೋಡಲು ಚೆನ್ನ ಎಂದು ಅದನ್ನು ಮೇಲೆ ಇಟ್ಟು ಕೆಳಗೆ ಡ್ರಾಯರ್ ಮಾಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ತಿರುವಿನಲ್ಲಿ ಗಾಡಿ ಮಗುಚಲು ಅಷ್ಟು ಸಾಕು. ತಳದ ಸುತ್ತ L ಆಕಾರದ ಕಬ್ಬಿಣದ ಆಂಗಲ್‌ನ ಅಂಚು ಕೊಟ್ಟು, ಮೆಷಿನ್‌ನ ಕಾಲಿಗೆ ಬೋಲ್ಟ್ ಬಿಗಿಯಿರಿ. ಗಾಳಿ ಎಳೆಯುವ ಮತ್ತು ಬಿಡುವ ಕಿಂಡಿಗಳ ಮುಂದೆ ತಗಡು, ಟ್ರೇ ಏನೂ ಅಡ್ಡ ಬರಬಾರದು.

ಸಿಲಿಂಡರ್ ವಿಷಯದಲ್ಲಿ ಸ್ವಲ್ಪವೂ ಉದಾಸೀನ ಸಲ್ಲದು. ಅದರ ತಟ್ಟೆ ನೆಲಕ್ಕೆ ಹತ್ತಿರವಿರಲಿ, ಆಗ ಎತ್ತುವ ಗೋಜಿಲ್ಲದೆ ವಾಲಿಸಿ ಹತ್ತಿಸಬಹುದು. ಅದರ ಭಾರ ತಿರುಗದ ಚಕ್ರಗಳ ಆಚೆ ಹೋಗಬಾರದು, ಹೋದರೆ ಗಾಡಿ ಹಿಂದಕ್ಕೆ ಎದ್ದು ನಿಲ್ಲುತ್ತದೆ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು. ಮೇಲೊಂದು, ಕೆಳಗೊಂದು ಚೈನ್ ಇರಲಿ. ಒಂದೇ ಚೈನ್ ಇದ್ದರೆ ಬುಡ ಜಾರಬಹುದು. ಗಾಡಿಯನ್ನು ದೂರ ಒಯ್ಯುವಾಗ ವಾಲ್ವ್ ಮುಚ್ಚಿ, ಗ್ಯಾಸ್ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಬಿಚ್ಚಿ, ವಾಲ್ವ್‌ಗೆ ಕ್ಯಾಪ್ ಹಾಕಿ.

ರಾಡ್ ಹಿಡಿಯುವ ಹೋಲ್ಡರ್ ತೂಗುಹಾಕುವ ಕೊಕ್ಕೆ ಸಿಲಿಂಡರ್‌ನಿಂದ ದೂರ, ಎದುರು ಬದಿಯಲ್ಲಿರಲಿ. ಕೊಕ್ಕೆಗೆ ರಬ್ಬರ್ ಪೈಪ್ ತೊಡಿಸಿ. ಕರೆಂಟ್ ಇರುವ ಹೋಲ್ಡರ್‌ನ ರಾಡ್ ಸಿಲಿಂಡರ್‌ಗೆ ತಗುಲಿ ಕಿಡಿ ಹಾರಿದರೆ ಅದರ ಗೋಡೆಗೆ ಗಾಯವಾಗುತ್ತದೆ. ಆರ್ಗಾನ್‌ನಂಥ ಗ್ಯಾಸ್ ತುಂಬಿ ಒಳಗೆ ಸುಮಾರು 150 ಬಾರ್, ಅಂದರೆ ಹೊರಗಿನ ಗಾಳಿಯ ಸುಮಾರು 150 ಪಟ್ಟು ಒತ್ತಡ ಇರುವಾಗ ಅಂಥ ಗಾಯ ಚಿಕ್ಕದಲ್ಲ. ಕೇಬಲ್ ಸುತ್ತಿಡಲು ಇನ್ನೆರಡು ಅಗಲ ಕೊಕ್ಕೆ ಸಾಕು. ಕೆಲಸದ ಹೊತ್ತಿಗೆ ಕೇಬಲ್ಲನ್ನು ಪೂರ್ತಿ ಬಿಚ್ಚಿ ಹಾಸಿ, ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗುತ್ತದೆ.

ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಣ್ಣ ಹಚ್ಚಿ. ಮೆಷಿನ್ ಏರಿಸಲು ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಬಳಸಿ, ನಾಲ್ಕು ಜನ ಸೇರಿ ಎತ್ತುವ ಸಾಹಸ ಬೇಡ. ಮೆಷಿನ್‌ನ ತಲೆಯ ಮೇಲೆ ಎತ್ತಲೆಂದು ಇರುವ ಬಳೆ ಮೆಷಿನ್‌ನ ಭಾರಕ್ಕಷ್ಟೇ ಇರುವುದು. ಗಾಡಿ, ಸಿಲಿಂಡರ್ ಸಮೇತ ಅದರಿಂದ ಎತ್ತಬಾರದು. ಮುಂದೆ ಗಾಡಿಗೆ ಬೆಸುಗೆಯ ರಿಪೇರಿ ಬಂದರೆ ಮೆಷಿನ್, ಸಿಲಿಂಡರ್ ಎರಡನ್ನೂ ಇಳಿಸಿಯೇ ಮಾಡಿ. ಮೊದಲ ವಾರ ಓಡಾಡಿಸಿದ ಮೇಲೆ ಚಕ್ರದ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ.