ಕಾಲು ಮೇಲಿಟ್ಟುಕೊಂಡು ಕಳೆದ ಆರು ವಾರ

ನನ್ನ ಬಲಗಾಲಿನ ಹೆಬ್ಬೆರಳು ಈಗ ಬುಡದಲ್ಲಿ ಮಡಚುವುದಿಲ್ಲ. ಅಲ್ಲಿನ ಎರಡು ಮೂಳೆಗಳನ್ನು ಸಣ್ಣ ಪ್ಲೇಟು, ಸ್ಕ್ರೂ ಹಾಕಿ ಬೆಸೆದಿದ್ದಾರೆ. ಸುಮಾರು ಹತ್ತು ವರ್ಷದಿಂದ ಆ ಕೀಲು ಸವೆಯುತ್ತಾ ಬಂದಿತ್ತು. ತೋಟದಲ್ಲಿ ಏರು ಹತ್ತುವಾಗ ಹೆಬ್ಬೆರಳು ಹಿಂದಕ್ಕೆ ಬಾಗಲೇಬೇಕು, ಅಲ್ವಾ? ಬಾಗಿದಾಗಲೆಲ್ಲ ಒಳಗೆ ಗಾಜಿನ ಚೂರು ಸಿಕ್ಕಿಕೊಂಡಂತೆ ನೋವು. ಮಾತ್ರೆ, ಮೆತ್ತನೆಯ ಚಪ್ಪಲಿ, ಕೀಲಿಗೆ ಇಂಜೆಕ್ಷನ್ ಎಲ್ಲ ಆಯಿತು. ಕೊನೆಗೆ ಹಾಸನದ ಡಾಕ್ಟರು, ಸವೆದ ಕೀಲನ್ನು ಕೆರೆದು ತೆಗೆದು ಮೂಳೆಗೆ ಮೂಳೆ ಸೇರಿಸೋಣ ಎಂದರು. ಅಲುಗಾಟ ನಿಂತರೆ ನೋವೂ ನಿಲ್ಲುತ್ತದೆ ಎನ್ನುವುದು ಅದರ ಲೆಕ್ಕ.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮೂಳೆ ಬೆಸೆಯಲು 6ರಿಂದ 12 ವಾರ ಬೇಕು ಎಂದಿದ್ದರು. ರೊಬಸ್ಟಾ ಜಾತಿಯ ಕಾಫಿ ಕುಯ್ಲು ಮುಗಿಯುವುದು ಫೆಬ್ರವರಿಗೆ, ಮಳೆ ಹಿಡಿಯುವುದು ಜೂನ್‌ಗೆ. ನಡುವಿನ ಆ ಅವಧಿ ನೋಡಿ ಫೆಬ್ರವರಿ ಕೊನೆಗೆ ಆಪರೇಷನ್ ಮಾಡಿಸಿಕೊಂಡೆ.

ಆಪರೇಷನ್‌ಗಿಂತ ಮೊದಲು ಮನೆ ರೆಡಿ ಮಾಡಿದ್ದು ನಾನು ಮಾಡಿದ ಅತಿ ಒಳ್ಳೆಯ ಕೆಲಸ. ನಮ್ಮದು ಹಳೆಯ ಹೆಂಚಿನ ಮನೆ. ಎತ್ತರದ ಹೊಸ್ತಿಲು, ಕೆಂಪು ಗಾರೆಯ ನೆಲ, ಮೂರು ಮೆಟ್ಟಿಲು ಇಳಿದರೆ ಬಚ್ಚಲು. ವಾಕರ್ ಹಿಡಿದವರಿಗೆ ಹೊಸ್ತಿಲು ದಾಟುವುದು ಎಷ್ಟು ಕಷ್ಟ ಅಂತ ಹಿಡಿದ ಮೇಲೇ ಗೊತ್ತಾಗುವುದು. ಹಾಗಾಗಿ ವಾಕರನ್ನು ಒಂದು ವಾರ ಮೊದಲೇ ತಂದು, ಹಿಮ್ಮಡಿ ಮೇಲೆ ಮಾತ್ರ ಊರಿ ಮನೆಯೆಲ್ಲ ಓಡಾಡಿ ನೋಡಿದೆ. ಹೊಸ್ತಿಲಿನ ಎರಡೂ ಪಕ್ಕ ಅದೇ ಎತ್ತರಕ್ಕೆ ಅಗಲವಾದ ಹಲಗೆಯ ಮೆಟ್ಟಿಲು ಕೂರಿಸಿಕೊಟ್ಟರು ಬಡಗಿ. ಚಾಪೆ, ಕಾಲೊರಸು ಎಲ್ಲ ಎತ್ತಿಟ್ಟೆವು. ಮಂಚ ಜಗಲಿ ಪಕ್ಕದ ಕೋಣೆಗೆ ಬಂತು. ಮಂಚದ ಹತ್ತಿರವೇ ಕಮೋಡ್ ಕುರ್ಚಿ. ಅದನ್ನು ನೋಡಿ ಮನಸ್ಸಿಗೆ ಒಂಥರಾ ಆಯಿತು, ನಿಜ. ಆದರೆ ಕೆಂಪು ಗಾರೆಯ ಮೇಲೆ ನಾಲ್ಕು ಹನಿ ನೀರು ಬಿದ್ದರೆ ವಾಕರ್‌ನ ರಬ್ಬರ್ ಕಾಲು ಸರ್ರನೆ ಜಾರುತ್ತದೆ. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಇಳಿಯುವುದಕ್ಕಿಂತ ಅದೇ ಒಳ್ಳೆಯದು.

ಮರುದಿನ ಬೆಳಿಗ್ಗೆ ಬಿಡುಗಡೆ ಆಯಿತು. ಕಾಲು ಪೂರ್ತಿ ಮರಗಟ್ಟಿತ್ತು, ನೋವೇ ಇರಲಿಲ್ಲ. ನರಕ್ಕೆ ಕೊಟ್ಟ ಇಂಜೆಕ್ಷನ್ 12ರಿಂದ 24 ಗಂಟೆ ಕೆಲಸ ಮಾಡುತ್ತದೆ, ಅದು ಇಳಿಯುವ ಮೊದಲೇ ನೋವಿನ ಮಾತ್ರೆ ಶುರು ಮಾಡಬೇಕು. ಇದು ಕೈಗೆ ಕೊಟ್ಟ ಇಂಗ್ಲಿಷ್ ಹಾಳೆಯಲ್ಲಿತ್ತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ನಾನು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿ ಕೂತು, ಇಷ್ಟೇನಾ ಅಂದುಕೊಂಡು ಬರುತ್ತಿದ್ದೆ. ಬೇಲೂರು ದಾಟಿದ ಮೇಲೆ ಶುರುವಾಯಿತು. ರಸ್ತೆಯ ಒಂದೊಂದು ಉಬ್ಬಿಗೂ ಪ್ರಾಣ ಹೋದಂತೆ. ಆಮೇಲೆ ಮಾತ್ರೆ ನುಂಗಿದರೂ ನೋವು ಹತೋಟಿಗೆ ಬಂದಿದ್ದು ಮಧ್ಯರಾತ್ರಿಗೆ. ಮುಂದಿನ ಮೂರು ದಿನ ನೋವಿಗೆ ಕಾಯದೆ, ಗಡಿಯಾರ ನೋಡಿ ಮಾತ್ರೆ ತಗೊಂಡೆ. ಕ್ಯಾಲೆಂಡರಿನಲ್ಲಿ ಮಗಳು ಹೊತ್ತು ಬರೆದಿಟ್ಟು ಒಂದೊಂದೇ ಹೊಡೆದು ಹಾಕುತ್ತಿದ್ದಳು. ಹೊರಡುವ ಮೊದಲೇ, ನೋವಿನ ಮಾತ್ರೆ ಯಾವಾಗ ಶುರು ಮಾಡಬೇಕು ಅಂತ ನರ್ಸ್ ಹತ್ತಿರ ಕೇಳಿಕೊಳ್ಳಿ.

ಮೊದಲ ಎರಡು ವಾರ ನನ್ನ ಕೆಲಸ ಒಂದೇ, ಕಾಲನ್ನು ಎದೆಗಿಂತ ಮೇಲೆ ಇಟ್ಟುಕೊಳ್ಳುವುದು. ಸ್ಟೂಲ್ ಮೇಲೆ ಇಟ್ಟರೆ ಸಾಲದು. ಮಲಗಿರಬೇಕು, ಪಾದ ಎದೆಗಿಂತ ಎತ್ತರದಲ್ಲಿರಬೇಕು. ದಿಂಬುಗಳು ಜಾರುತ್ತಿದ್ದವು. ಕೊನೆಗೆ ಹತ್ತಿ ಹಾಸಿಗೆಯನ್ನು ಸುತ್ತಿ, ಮೇಲೆ ಕಂಬಳಿ ಹೊದೆಸಿ ಹಗ್ಗ ಕಟ್ಟಿದೆವು. ಮೀನಖಂಡದ ಕೆಳಗೆ ಅದು, ಹಿಮ್ಮಡಿ ಮಾತ್ರ ಗಾಳಿಯಲ್ಲಿ. ಇಲ್ಲದಿದ್ದರೆ ಹಿಮ್ಮಡಿ ಒತ್ತಿ ಹುಣ್ಣಾಗುತ್ತದೆ. ಗಂಟೆಗೆ ಐವತ್ತು ನಿಮಿಷ ಹೀಗೆ, ಉಳಿದ ಹತ್ತು ನಿಮಿಷದಲ್ಲಿ ಬೇರೆಲ್ಲ. ಕಾಲು ಕೆಳಗಿಳಿಸಿದ ಎರಡೇ ನಿಮಿಷಕ್ಕೆ ಬೆರಳು ನೇರಳೆ ಬಣ್ಣಕ್ಕೆ ತಿರುಗಿ ದಪದಪ ಹೊಡೆದುಕೊಳ್ಳುತ್ತಿತ್ತು. ಮೇಲಿಟ್ಟರೆ ಇಳಿಯುತ್ತಿತ್ತು. ರಕ್ತ ಹೆಪ್ಪುಗಟ್ಟಬಾರದು ಅಂತ ಗಂಟೆಗೊಮ್ಮೆ ಮಂಡಿ ಮಡಚಿ ಬಿಡಿಸುತ್ತಿದ್ದೆ. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದಂತಾದರೆ ತಕ್ಷಣ ಆಸ್ಪತ್ರೆಗೆ ಬರಬೇಕು ಎಂದಿದ್ದರು. ಪುಣ್ಯಕ್ಕೆ ಹಾಗಾಗಲಿಲ್ಲ.

ನನಗೆ ಎಡವಟ್ಟಾಗಿದ್ದು ನೆಂಟರ ವಿಷಯದಲ್ಲಿ. ನಮ್ಮ ಕಡೆ ಕಾಯಿಲೆ ಬಿದ್ದವರನ್ನು ನೋಡಲು ಊರೇ ಬರುತ್ತದೆ. ಹಿರಿಯರು ಬಂದಾಗ ಅವರ ಮುಖಕ್ಕೆ ಪಾದ ತೋರಿಸಿಕೊಂಡು ಮಲಗುವುದು ಹೇಗೆ? ಚಿಕ್ಕಂದಿನಿಂದ ಬಂದ ಅಭ್ಯಾಸ, ಯಾರಾದರೂ ಹೊಸ್ತಿಲು ತುಳಿದರೆ ಕಾಲು ತಾನಾಗಿ ಕೆಳಗಿಳಿಯುತ್ತದೆ. ಎಂಟನೇ ದಿನ, ಭಾನುವಾರ, ಬೆಳಿಗ್ಗೆಯಿಂದ ಸಂಜೆವರೆಗೆ ಜಗಲಿಯಲ್ಲಿ ಕಾಲು ಇಳಿಬಿಟ್ಟು ಕೂತೆ. ಕಾಫಿ, ಮಾತು, ಮತ್ತೆ ಕಾಫಿ. ಸಂಜೆ ಪಾದ ಊದಿ ಪಟ್ಟಿ ಬಿಗಿಯಾಯಿತು, ಪಟ್ಟಿಯ ಮೇಲೆ ರೂಪಾಯಿ ಅಗಲದ ರಕ್ತದ ಕಲೆ. ಫೋನ್ ಮಾಡಿದರೆ, ಊತ ಜಾಸ್ತಿಯಾದರೆ ಗಾಯ ಕೂಡುವುದಿಲ್ಲ, ಹೊಲಿಗೆ ಬಿಟ್ಟುಕೊಳ್ಳುತ್ತದೆ ಎಂದರು ಡಾಕ್ಟರು. ಆ ರಾತ್ರಿ ಹೆದರಿಕೆಗೆ ನಿದ್ದೆ ಬರಲಿಲ್ಲ. ನನ್ನ ಅತ್ತೆ ಮರುದಿನವೇ ಮಂಚ ತಿರುಗಿಸಿ ಹಾಕಿಸಿದರು. ಪಾದ ಕಿಟಕಿ ಕಡೆ, ತಲೆ ಬಾಗಿಲ ಕಡೆ. ಬಂದವರು ನನ್ನ ತಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಷ್ಟೇ ಸಾಕಾಯಿತು. ಎಂಬತ್ತು ದಾಟಿದ ಅತ್ತೆ ಬಂದವರಿಗೆಲ್ಲ ತಾವೇ, ಅವಳು ಕಾಲು ಇಳಿಸಬಾರದು, ಡಾಕ್ಟರ ಅಪ್ಪಣೆ ಎನ್ನುತ್ತಿದ್ದರು.

ಊಟದ ವಿಷಯಕ್ಕೂ ಜಗ್ಗಾಟ ನಡೆಯಿತು. ಬದನೆ ನಂಜು, ಕುಂಬಳ ನಂಜು, ಮೀನು ನಂಜು, ಗಾಯ ಕೀವಾಗುತ್ತದೆ ಅಂತ ಬಂದವರೆಲ್ಲ ಹೇಳುವವರೇ. ಡಾಕ್ಟರನ್ನು ಕೇಳಿದೆ. ಎಲ್ಲ ತಿನ್ನಿ, ಪ್ರೋಟೀನ್ ಜಾಸ್ತಿ ತಿನ್ನಿ, ಗಾಯ ಕೂಡಲು ಅದೇ ಬೇಕು ಎಂದರು. ಬೇಳೆ, ಮೊಟ್ಟೆ, ಮೊಸರು, ರಾಗಿ, ಮೀನು ತಿಂದೆ. ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು ಮಾತ್ರ ಯಾರು ಎಷ್ಟೇ ಪ್ರೀತಿಯಿಂದ ಹೇಳಿದರೂ ಒಪ್ಪಲಿಲ್ಲ. ಹೊಸ ಗಾಯಕ್ಕೆ ಅದು ಕೂಡದು. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿಗೆ ಆಪರೇಷನ್ ಆಗಬೇಕಿದ್ದರೆ ಮೊದಲೇ ಬಿಡಿಸಿ. ಮೂಳೆ ಬೆಸೆಯುವುದನ್ನು ಅದು ಕೆಡಿಸುತ್ತದೆ.

ಹದಿನಾಲ್ಕನೇ ದಿನ ಹೊಲಿಗೆ ಬಿಚ್ಚಿದರು. ಆಮೇಲೆ ಹಿಮ್ಮಡಿ ಮೇಲೆ ಮಾತ್ರ ಭಾರ ಬೀಳುವ ದಪ್ಪ ಅಟ್ಟೆಯ ಚಪ್ಪಲಿ ಹಾಕಿ ಮನೆಯೊಳಗೆ ಸ್ವಲ್ಪ ಸ್ವಲ್ಪ ಓಡಾಟ. ಅದರಿಂದ ಒಂದು ಕಾಲು ಎತ್ತರವಾಗಿ ಸೊಂಟ ಹಿಡಿದುಕೊಂಡಿತು. ಇನ್ನೊಂದು ಕಾಲಿಗೂ ಅದೇ ಎತ್ತರದ ಚಪ್ಪಲಿ ಹಾಕಿದ ಮೇಲೆ ಸರಿಯಾಯಿತು. ಮನೆಯೊಳಗೆ ಚಪ್ಪಲಿ ಹಾಕುವ ರೂಢಿ ನಮ್ಮಲ್ಲಿಲ್ಲ, ಹೊಸದನ್ನೇ ತರಿಸಿ ಒಳಗೆ ಮಾತ್ರ ಬಳಸಿದೆ. ಮೆಟ್ಟಿಲಿನಲ್ಲಿ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಮಳೆ, ಬಿತ್ತು. ಮಳೆ ಬಿದ್ದ ಒಂಬತ್ತನೇ ದಿನ ಬೆಳಿಗ್ಗೆ ಎಚ್ಚರವಾದಾಗ ಕೋಣೆ ತುಂಬ ಕಾಫಿ ಹೂವಿನ ವಾಸನೆ. ಮೂವತ್ತು ವರ್ಷದಲ್ಲಿ ಹೂವು ಬಿಟ್ಟ ದಿನ ನಾನು ತೋಟಕ್ಕೆ ಇಳಿಯದೆ ಇದ್ದದ್ದು ಅದೇ ಮೊದಲು. ಅತ್ತೇ, ಇವತ್ತು ಒಂದೇ ಸಲ ಹೋಗಿ ಬರಲಾ ಎಂದು ಕೇಳಿದೆ. ಬೇಡ ಎಂದರು. ಮಗಳು ಹೂವಿನ ಒಂದು ರೆಂಬೆ ಮುರಿದು ತಂದು ಕಿಟಕಿಯಲ್ಲಿ ಸಿಕ್ಕಿಸಿದಳು. ಅವತ್ತು ನಾನು ತುಂಬ ಅತ್ತುಬಿಟ್ಟೆ.

ಆರನೇ ವಾರದ ಎಕ್ಸ್‌ರೇಯಲ್ಲಿ ಮೂಳೆ ಸೇರುತ್ತಿರುವುದು ಕಾಣಿಸಿತು. ಹತ್ತನೇ ವಾರಕ್ಕೆ ಗಟ್ಟಿ ಅಟ್ಟೆಯ, ಒಂದು ನಂಬರ್ ದೊಡ್ಡ ಶೂ. ಕಾರು ಓಡಿಸಲು ಮಾತ್ರ ಬಲಗಾಲಲ್ಲಿ ಬ್ರೇಕ್ ಗಟ್ಟಿಯಾಗಿ ಒತ್ತಲು ಆಗುವವರೆಗೆ ಕಾದೆ. ಊತ ಬೇಗ ಹೋಗುವುದಿಲ್ಲ, ಆರು ತಿಂಗಳು ಅಥವಾ ಜಾಸ್ತಿಯೇ ಇರುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಕೊರಗಬೇಡಿ. ಕುಕ್ಕರಗಾಲಲ್ಲಿ ಕೂತು ಉದುರಿದ ಕಾಫಿ ಹಣ್ಣು ಹೆಕ್ಕುವುದು ಇನ್ನು ನನಗೆ ಆಗದು, ಮಣೆ ಹಾಕಿಕೊಳ್ಳುತ್ತೇನೆ. ಏರು ಹತ್ತುವಾಗ ಆ ಚುಚ್ಚುವ ನೋವು ಇಲ್ಲ.

ಜೂನ್ ಎರಡನೇ ವಾರ ಮಳೆ ಹಿಡಿಯಿತು, ಇಂಬಳ (ಜಿಗಣೆ) ಎದ್ದವು. ಹಳೆಯ ಗಂಬೂಟಿಗೆ ಕಾಲು ಹೋಗಲಿಲ್ಲ. ಬೆರಳು ಬಾಗದೆ ಅದರೊಳಗೆ ಪಾದ ತೂರದು. ಮೂಡಿಗೆರೆ ಪೇಟೆಯಿಂದ ಎರಡು ನಂಬರ್ ದೊಡ್ಡ ಗಂಬೂಟ್ ತಂದು, ದಪ್ಪ ಕಾಲುಚೀಲ ಹಾಕಿ, ಮಗಳ ಭುಜ ಹಿಡಿದು ಮೊದಲ ಸಾಲಿನ ಗಿಡಗಳವರೆಗೆ ಹೋಗಿ ಬಂದೆ.