ಮೂರನೇ ಸುತ್ತಿನಲ್ಲಿ ಹೋದ ಹೆಪಟೈಟಿಸ್ ಸಿ: ಡಾಕ್ಟರನ್ನು ಬಿಡದೆ ನಾನು ಮಾಡಿದ್ದು

ಎರಡು ಸಲ ಔಷಧಿ ತಿಂದು, ಎರಡು ಸಲವೂ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ ವಾಪಸ್ ಬಂದವನಿಗೆ ಮೂರನೇ ಸಲ ಯಾಕೆ ಅಂತ ಕೇಳಿದವರ ಪಟ್ಟಿ ಉದ್ದ ಇದೆ. ಅದರಲ್ಲಿ ಮೊದಲ ಹೆಸರು ಬೆಂಗಳೂರಿನ ನನ್ನ ಲಿವರ್ ಡಾಕ್ಟರದ್ದೇ. "ನಿಮ್ಮ ಬಾಡಿ ಔಷಧಿಗೆ ಬಗ್ಗಲ್ಲ ಕಣ್ರೀ, ಟ್ರಾನ್ಸ್‌ಪ್ಲಾಂಟಿಗೆ ದುಡ್ಡು ಜೋಡಿಸ್ಕೊಳ್ಳಿ" ಅಂದಿದ್ದರು. ಭಾವಮೈದನೂ ಹಾಗೇ ಅಂದ, ಮೆಡಿಕಲ್ ಶಾಪಿನವನೂ ಅಂದ. ಔಷಧಿ ಮುಗಿದು ಈಗ ಐದು ವರ್ಷ ದಾಟಿತು, ರಕ್ತದಲ್ಲಿ ವೈರಸ್ ಹುಡುಕುವ ಆರ್‌ಎನ್‌ಎ ಪರೀಕ್ಷೆ ಇನ್ನೂ ನಾಟ್ ಡಿಟೆಕ್ಟೆಡ್, ಅಂದರೆ ವೈರಸ್ ಸಿಕ್ಕಿಲ್ಲ. ಹೇಗಾಯಿತು ಅಂತ ನಮ್ಮಂಥವರೇ ಎಷ್ಟೋ ಜನ ಫೋನ್ ಮಾಡಿ ಕೇಳಿದ್ದಕ್ಕೆ ಒಂದೇ ಸಲ ಬರೆದಿಡುತ್ತಿದ್ದೇನೆ.

ನನ್ನದು ದಾವಣಗೆರೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. 1996ರ ಸುಮಾರಿಗೆ ಹರಿಹರದ ಹತ್ತಿರ ಲಾರಿಗೆ ಬೈಕ್ ಕೊಟ್ಟೆ, ಮೂರೋ ನಾಲ್ಕೋ ಬಾಟಲಿ ರಕ್ತ ಏರಿಸಿದರು. ದಾನದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ಕಡ್ಡಾಯ ಆಗಿದ್ದು 2000 ದಾಟಿದ ಮೇಲೆ. ಬೇರೆ ಕಾರಣ ಹುಡುಕುವ ಗೋಜಿಗೆ ನಾನು ಹೋಗಿಲ್ಲ. 2010ರಲ್ಲಿ ಒಂದು ಸಣ್ಣ ಆಪರೇಷನ್ನಿಗೆ ಮುಂಚೆ ರಕ್ತ ತೆಗೆದಾಗ ಸಿಕ್ಕಿಬಿತ್ತು. ವೈರಸ್ಸಿನ ತಳಿ ಜೀನೋಟೈಪ್ 3.

ಮೊದಲ ಸುತ್ತು ಪೆಗ್ ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವಿರಿನ್ ಮಾತ್ರೆ, 24 ವಾರ. ಆ ಕಾಲದವರಿಗೆ ಬೇರೆ ಹೇಳಬೇಕಾಗಿಲ್ಲ. ಶನಿವಾರ ಸಂಜೆ ಇಂಜೆಕ್ಷನ್, ಭಾನುವಾರ ಪೂರ್ತಿ ಚಳಿಜ್ವರ, ಸೋಮವಾರ ಅಂಗಡಿ. ಕೂದಲು ಹೋಯಿತು, ಹಿಮೋಗ್ಲೋಬಿನ್ ಎಂಟರ ಹತ್ತಿರ ಬಂತು, ಸುಮ್ಮಸುಮ್ಮನೆ ಕೆಲಸದ ಹುಡುಗರ ಮೇಲೆ ರೇಗುತ್ತಿದ್ದೆ. ಒಂದು ಇಂಜೆಕ್ಷನ್ನಿಗೆ ಹತ್ತು ಸಾವಿರದ ಆಚೆ ಈಚೆ. ಪರೀಕ್ಷೆ, ಓಡಾಟ ಎಲ್ಲ ಸೇರಿ ಮೂರು ಮೂರೂವರೆ ಲಕ್ಷ ಕರಗಿತು. ಮನೆಯವಳ ಬಳೆ, ಸರ ಬ್ಯಾಂಕಿಗೆ ಹೋದವು. ಮುಗಿದಾಗ ವೈರಸ್ ಇರಲಿಲ್ಲ, ಆರು ತಿಂಗಳಿಗೆ ನೋಡಿದರೆ ಲಕ್ಷಗಟ್ಟಲೆ.

ಎರಡನೇ ಸುತ್ತು 2015. ಅಮೆರಿಕದಲ್ಲಿ ಒಂದು ಮಾತ್ರೆಗೆ ಸಾವಿರ ಡಾಲರ್ ಅಂತ ಸುದ್ದಿಯಾಗಿದ್ದ ಸೊಫೊಸ್ಬುವಿರ್, ಗಿಲಿಯಡ್ ಕಂಪನಿ ನಮ್ಮ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟ ಮೇಲೆ ಇಲ್ಲೂ ಬಂತು. 28 ಮಾತ್ರೆಯ ಡಬ್ಬಿಯ ಮೇಲೆ ಇಪ್ಪತ್ತು ಸಾವಿರಕ್ಕೆ ನೂರು ರೂಪಾಯಿ ಕಡಿಮೆ ಅಂತ ಅಚ್ಚಾಗಿತ್ತು. ಆಸ್ಪತ್ರೆಯ ಒಳಗಿನ ಅಂಗಡಿಯಲ್ಲಿ ಒಂದು ಪೈಸೆ ಬಿಡಲಿಲ್ಲ. ಹೊರಗೆ ಡಿಸ್ಟ್ರಿಬ್ಯೂಟರ್ ಹತ್ತಿರ ಅದೇ ಮಾಲು ಹದಿನೈದು ಸಾವಿರಕ್ಕೂ ಸಿಗುತ್ತಿತ್ತು, ಆದರೆ ಡಾಕ್ಟರ ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಸೊಫೊಸ್ಬುವಿರ್ ಜೊತೆ ಮತ್ತೆ ಅದೇ ರಿಬಾವಿರಿನ್, 24 ವಾರ, ಆರು ಡಬ್ಬಿ. ಲಕ್ಷದ ಮೇಲೆ ಹೋಯಿತು. "ಸರ್, ಡಕ್ಲಾಟಾಸ್ವಿರ್ ಅಂತ ಇನ್ನೊಂದು ಬರುತ್ತಂತಲ್ಲ, ಮೂರ್ನಾಲ್ಕು ತಿಂಗಳು ಕಾಯಬಹುದಾ?" ಅಂತ ಕೇಳಿದ್ದೆ. "ನೀವು ಡಾಕ್ಟರಾ, ನಾನು ಡಾಕ್ಟರಾ?" ಅಂದರು. ಆ ವರ್ಷದ ಕೊನೆಗೆ ಅದು ಬಂತು. ಅಷ್ಟರಲ್ಲಿ ನನ್ನ ಆರು ಡಬ್ಬಿ ಮುಗಿದಿತ್ತು, ಮೂರು ತಿಂಗಳಿಗೆ ವೈರಸ್ಸೂ ವಾಪಸ್ ಬಂತು. ಜೀನೋಟೈಪ್ 3, ಸಿರೋಸಿಸ್ (ಲಿವರ್ ಗಾಯಗೊಂಡು ಗಟ್ಟಿಯಾಗುವುದು), ಮುಂಚೆ ಒಂದು ಸಲ ಸೋತವನು: ಈ ಮೂರೂ ಇದ್ದವರಿಗೆ ಆ ಜೋಡಿ ಅಷ್ಟಕ್ಕಷ್ಟೇ ಅಂತ ಆಗಲೇ ಬರೆದಿಟ್ಟಿದ್ದರು. "ನಿಮ್ಮ ಬಾಡಿ" ಅನ್ನುವ ಮಾತು ಶುರುವಾದದ್ದು ಆಗಲೇ.

ಅಂಥ ಡಾಕ್ಟರನ್ನು ಯಾಕೆ ಬಿಡಲಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಮನುಷ್ಯನ ಬಾಯಿ ಸರಿ ಇಲ್ಲ, ಕೈ ಬಂಗಾರ. 2016ರಲ್ಲಿ ನಾನು ರಕ್ತ ವಾಂತಿ ಮಾಡಿಕೊಂಡು ಹೋದಾಗ ಆ ರಾತ್ರಿಯೇ ಎಂಡೋಸ್ಕೋಪಿಯಲ್ಲಿ ಒಡೆದ ರಕ್ತನಾಳಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಉಳಿಸಿದವರು ಅವರೇ. ನನ್ನ ಅನ್ನನಾಳದಲ್ಲಿ ಯಾವ ರಕ್ತನಾಳ ಎಲ್ಲಿ ಉಬ್ಬಿದೆ ಅನ್ನುವುದು ಅವರಿಗೆ ಗೊತ್ತು. ಅಂಥವರನ್ನು ಬೈದು ಎದ್ದುಬರುವುದು ಸುಲಭ, ಮತ್ತೆ ರಾತ್ರಿ ಎರಡು ಗಂಟೆಗೆ ರಕ್ತ ಬಂದರೆ ಯಾರ ಬಾಗಿಲು ಬಡಿಯಲಿ? ಹಾಗಾಗಿ ಲಿವರ್ ಅವರ ಹತ್ತಿರ, ವೈರಸ್ ಬೇರೆ ಕಡೆ ಅಂತ ನಾನೇ ಪಾಲು ಮಾಡಿದೆ. ಇದಕ್ಕೂ ನಕ್ಕವರಿದ್ದಾರೆ.

ಪಾಲು ಮಾಡಿದರೂ ಇಬ್ಬರಿಗೂ ಒಂದೇ ಲೆಕ್ಕ ಸಿಗಬೇಕಲ್ಲ. ನಮ್ಮ ಅಂಗಡಿಯಲ್ಲಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ರೀಡಿಂಗ್ ಬರೆಯದೆ ಯಾವ ಮೋಟಾರೂ ಹೊರಗೆ ಹೋಗುವುದಿಲ್ಲ, ಲಿವರಿಗೂ ಅದನ್ನೇ ಮಾಡಿದೆ. ಒಂದು ಎ4 ಹಾಳೆ. ಮೇಲೆ ತಾರೀಕಿನ ಪ್ರಕಾರ ಲಿವರ್, ಕಿಡ್ನಿ, ರಕ್ತದ ಪರೀಕ್ಷೆಗಳ ನಂಬರು: ಬಿಲಿರುಬಿನ್, ಎಸ್‌ಜಿಒಟಿ, ಎಸ್‌ಜಿಪಿಟಿ, ಆಲ್ಬುಮಿನ್, ಐಎನ್‌ಆರ್, ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಆರ್‌ಎನ್‌ಎ. ಅದರ ಕೆಳಗೆ ಹಿಂದೆ ತಿಂದ ಔಷಧಿ, ಎಷ್ಟು ವಾರ, ಏನಾಯಿತು. ಅದರ ಕೆಳಗೆ ಈಗ ತಿನ್ನುತ್ತಿರುವ ಪ್ರತಿಯೊಂದು ಮಾತ್ರೆ, ಕಣ್ಣಿಗೆ ಹಾಕುವ ಹನಿ ಸಮೇತ. ಕೊನೆಗೆ ಮೂರೇ ಮೂರು ಪ್ರಶ್ನೆ, ಒಂದೊಂದರ ಮುಂದೆ ಎರಡು ಚೌಕ: ಹೌದು, ಬೇಡ.

ಈ ಚೌಕಗಳಿಗೆ ಮೂರು ವರ್ಷದ ಜಗಳ ನಿಂತಿತು ಅಂದರೆ ನಂಬುತ್ತೀರಾ? ಬಾಯಲ್ಲಿ ಕೇಳಿದರೆ ಡಾಕ್ಟರಿಗೆ ಎದುರುತ್ತರದ ಹಾಗೆ ಕೇಳಿಸುತ್ತದೆ. ಹಾಳೆ ಮುಂದಿಟ್ಟರೆ ಪೆನ್ನು ತಾನಾಗಿ ಕೈಗೆ ಬರುತ್ತದೆ. ಮೊದಲನೇ ಪ್ರಶ್ನೆ ಯಾವಾಗಲೂ ಒಂದೇ ಇರುತ್ತದೆ, ಅದು ಇದ್ದರೆ ಮಾತ್ರ ಉಳಿದೆರಡಕ್ಕೂ ಟಿಕ್ ಬೀಳುತ್ತದೆ. ಅದೇನು ಅಂತ ಇಲ್ಲಿ ಹೇಳಲ್ಲ, ಅವರ ಕೈಗೂ ಇದು ಸಿಗಬಹುದು. ಇನ್ನೊಂದು ವಿಷಯ: ನಮ್ಮ ಮನೆಯವಳು ಪಕ್ಕದಲ್ಲಿ ಒಂದು ನೋಟ್‌ಬುಕ್ ಹಿಡಿದು, ಮಾತಾಡದೆ, ಅವರು ಅಂದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದಳು. ಅವಳು ಬಂದ ದಿನ ದನಿ ಅರ್ಧ ಇಳಿಯುತ್ತಿತ್ತು.

ನಡುವೆ ನನ್ನ ಅಡ್ಡ ಪ್ರಯೋಗಗಳು. ಊರಿನವರ ಒತ್ತಾಯಕ್ಕೆ ಎರಡು ತಿಂಗಳು ನೆಲನೆಲ್ಲಿ ರಸ ಕುಡಿದೆ. ಲಿವರಿಗೆ ಪೆಟ್ಟು ಬಿದ್ದರೆ ಏರುವ ಎಸ್‌ಜಿಪಿಟಿ ಸ್ವಲ್ಪ ಇಳಿದಂತೆ ಕಂಡಿತು, ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಲೆಕ್ಕ, ಇದ್ದಲ್ಲೇ ಇತ್ತು. ಆ ಇಳಿದದ್ದೂ ನಿಜವೋ ಅಂತ ಒಂದೇ ದಿನ, ಒಂದೇ ತೋಳಿನ ರಕ್ತವನ್ನು ಎರಡು ಲ್ಯಾಬಿಗೆ ಕೊಟ್ಟೆ. ಒಂದರಲ್ಲಿ ಎಪ್ಪತ್ತೆಂಟು, ಇನ್ನೊಂದರಲ್ಲಿ ತೊಂಬತ್ತರ ಮೇಲೆ. ಪ್ಲೇಟ್‌ಲೆಟ್ಟಿನಲ್ಲಂತೂ ಇಪ್ಪತ್ತು ಸಾವಿರ ವ್ಯತ್ಯಾಸ. ಅವತ್ತಿನಿಂದ ಒಂದೇ ಲ್ಯಾಬ್. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್ ಮೇಲೂ ಕೈ ಆಡಿಸಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಿದಾಗ ಹದಿನಾಲ್ಕರ ಹತ್ತಿರ ಇತ್ತು. ಅದೇ ವಾರ ಒಂದು ಉಚಿತ ಕ್ಯಾಂಪಿನಲ್ಲಿ, ಎರಡು ಬೆಣ್ಣೆ ದೋಸೆ ಹೊಡೆದು ಹೋಗಿ ಮಲಗಿದೆ, ಹದಿನೇಳು ತೋರಿಸಿತು. ಊಟ ಮಾಡಿದರೆ ಲಿವರಿಗೆ ರಕ್ತ ಜಾಸ್ತಿ ಹರಿದು ಗಟ್ಟಿ ತೋರಿಸುತ್ತದೆ, ಮೂರು ಗಂಟೆ ಏನೂ ತಿಂದಿರಬಾರದು. ಕ್ಯಾಂಪಿನಲ್ಲಿ ಊಟ ಆಯಿತಾ ಅಂತ ಒಬ್ಬರೂ ಕೇಳಲಿಲ್ಲ. ಆ ಒಂದು ನಂಬರಿನ ಮೇಲೆ ಎಷ್ಟು ಜನ ಹೆದರಿ ಮನೆಗೆ ಹೋದರೋ. ನಾನು ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ, ರಕ್ತಪರೀಕ್ಷೆಯ ನಂಬರಿನಿಂದಲೇ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜು ಮಾಡುವ ಫಿಬ್-4 ಲೆಕ್ಕವನ್ನೂ ಹಾಕಿ ನೋಡುತ್ತಿದ್ದೆ. 3.25 ದಾಟಿದರೆ ಕೆಟ್ಟದ್ದು, ನನ್ನದು ಐದರ ಹತ್ತಿರ. ಅದಕ್ಕೆ ದುಡ್ಡಿಲ್ಲ, ವರ್ಗಮೂಲದ ಬಟನ್ ಇದ್ದರೆ ಸಾಕು.

ಕಾಫಿ ಮಾತ್ರ ಬಿಟ್ಟಿಲ್ಲ. ಲಿವರಿಗೆ ಒಳ್ಳೆಯದು ಅಂತ ಡಾಕ್ಟರೂ ಒಪ್ಪಿದ ಒಂದೇ ಒಂದು ಪ್ರಯೋಗ ಅದು.

ಮೂರನೇ ಸುತ್ತಿಗೆ ದಾರಿ ಸಿಕ್ಕಿದ್ದು ಸರ್ಕಾರದ ಕಡೆಯಿಂದ. 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, ಪರೀಕ್ಷೆಯೂ ಔಷಧಿಯೂ ಉಚಿತ. ಸಿರೋಸಿಸ್ ಇಲ್ಲದವರಿಗೆ ಸೊಫೊಸ್ಬುವಿರ್, ಡಕ್ಲಾಟಾಸ್ವಿರ್ 12 ವಾರ. ಸಿರೋಸಿಸ್ ಇದ್ದವರಿಗೆ ಡಕ್ಲಾಟಾಸ್ವಿರ್ ಬದಲು ವೆಲ್ಪಟಾಸ್ವಿರ್. ನನ್ನಂತೆ ಸೊಫೊಸ್ಬುವಿರ್ ತಿಂದು ಸೋತವರದು ದೊಡ್ಡ ಕೇಂದ್ರದ ಕೇಸು, ವೆಲ್ಪಟಾಸ್ವಿರ್ ಜೋಡಿಗೆ ರಿಬಾವಿರಿನ್ ಸೇರಿಸಿ 24 ವಾರ. ಅಲ್ಲಿನ ಡಾಕ್ಟರು, ನನ್ನ ಮಗನ ವಯಸ್ಸಿನ ಹುಡುಗ, ಹಾಳೆ ನೋಡಿ "ಯಜಮಾನ್ರೇ, ಇದನ್ನ ಯಾರು ಮಾಡಿಕೊಟ್ರು?" ಅಂದರು. ನಾನೇ ಅಂದೆ. ಆದರೆ ಹಳೆಯ ಚಿಕಿತ್ಸೆಯ ಸಮ್ಮರಿ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲೇ ಬೇಕಿತ್ತು.

ನಮ್ಮ ಲಿವರಿನ ದೊಡ್ಡ ಡಾಕ್ಟರು ಅದನ್ನು ಕೊಡಲಿಲ್ಲ. "ಸರ್ಕಾರಿ ಆಸ್ಪತ್ರೆಗೆ ಹೋಗೋದಾದ್ರೆ ಇಲ್ಲಿಗೆ ಬರಬೇಡಿ" ಅಂದರು. ಆಮೇಲೆ ಬನ್ನಿ, ನಾಳೆ ಬನ್ನಿ, ಮೆಡಿಕಲ್ ರೆಕಾರ್ಡ್ ವಿಭಾಗ ನೋಡಿ. ಪ್ರತಿ ಸಲ ಬೆಂಗಳೂರಿಗೆ ರಾತ್ರಿ ಬಸ್ಸು, ಒಂದು ದಿನದ ಅಂಗಡಿ ಬಂದ್. ಆಗ ಕೆಲಸಕ್ಕೆ ಬಂದದ್ದು ಮೆಡಿಕಲ್ ಕೌನ್ಸಿಲ್ಲಿನ 2002ರ ನಿಯಮ. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದರಲ್ಲಿದೆ. ನಾಲ್ಕು ಸಾಲಿನ ಅರ್ಜಿ, ಆ ನಿಯಮದ ಹೆಸರು, ಅರ್ಜಿ ತೆಗೆದುಕೊಳ್ಳುವ ಇನ್‌ವಾರ್ಡ್ ಕೌಂಟರಿನಲ್ಲಿ ಸೀಲ್ ಹಾಕಿಸಿದ ನನ್ನ ಪ್ರತಿ. ಎರಡನೇ ದಿನ ಫೋನ್ ಬಂತು, ಸಮ್ಮರಿ ರೆಡಿ ಇದೆ ಅಂತ. ಅರ್ಜಿಯಲ್ಲಿ ಡಾಕ್ಟರ ಹೆಸರು ಹಾಕದೆ ಆಸ್ಪತ್ರೆಯ ಆಡಳಿತಕ್ಕೆ ಬರೆದಿದ್ದೆ, ಅದಕ್ಕೇ ಮುಂದಿನ ಎಂಡೋಸ್ಕೋಪಿಗೆ ಮುಖ ತೋರಿಸಲು ಆಯಿತು. ಅಲ್ಲಿ ಹೋದಾಗ ಅವರು ಆ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಹತ್ತು ರೂಪಾಯಿಯ ಮಾತ್ರೆಯಲ್ಲಿತ್ತು. ಪಾಂಟೊಪ್ರಜೋಲ್. ಯಾವ ಚೀಟಿ ತೆಗೆದರೂ ಮೊದಲ ಸಾಲಿನಲ್ಲಿ ಇರುತ್ತದಲ್ಲ, ಅದೇ. ವೆಲ್ಪಟಾಸ್ವಿರ್ ಕರಗಲು ಹೊಟ್ಟೆಯಲ್ಲಿ ಆಸಿಡ್ ಬೇಕು. ಆಸಿಡ್ ಕಡಿಮೆ ಮಾಡುವ ಮಾತ್ರೆ ತಿಂದರೆ ಔಷಧಿ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ನಾನು ವರ್ಷಗಟ್ಟಲೆಯಿಂದ ಬೆಳಿಗ್ಗೆ ನಲವತ್ತು ಮಿಲಿಗ್ರಾಂ ನುಂಗುತ್ತಿದ್ದೆ, ಬರೆದವರು ದೊಡ್ಡ ಡಾಕ್ಟರು. ಸರ್ಕಾರಿ ಕಡೆಯ ಹುಡುಗ ಡಾಕ್ಟರು "ಅವರು ಬರೆದದ್ದು, ಅವರೇ ನಿಲ್ಲಿಸಲಿ" ಅಂದರು. ನೇರ ಕೇಳಿದರೆ ಮತ್ತೆ ನೀವು ಡಾಕ್ಟರಾ ಅನ್ನುತ್ತಾರೆ. ಹಾಳೆಯ ಎರಡನೇ ಪ್ರಶ್ನೆಯಾಗಿ ಹಾಕಿದೆ: "ವೆಲ್ಪಟಾಸ್ವಿರ್ ನಡೆಯುವ 24 ವಾರ ಪಾಂಟೊಪ್ರಜೋಲ್ ಬೇಕೆ?" ಹತ್ತು ಸೆಕೆಂಡ್ ನೋಡಿದರು, ಬೇಡ ಅನ್ನುವ ಚೌಕಕ್ಕೆ ಟಿಕ್ ಹಾಕಿ ಸಹಿ ಮಾಡಿದರು. ನೀವಾಗಿ ನಿಲ್ಲಿಸಬೇಡಿ, ಬ್ಯಾಂಡ್ ಹಾಕಿದ ಹೊಸತರಲ್ಲಿ ಅದು ಬೇಕಾಗುತ್ತದೆ. ನನ್ನದು ಬ್ಯಾಂಡ್ ಹಾಕಿ ಬಹಳ ದಿನ ಆಗಿತ್ತು. ಎದೆಯುರಿಗೆ ಅಂಗಡಿಯಲ್ಲಿ ಸಿಗುವ ಬಿಳಿ ಟಾನಿಕ್ ಕುಡಿಯುವುದಿದ್ದರೂ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಇಟ್ಟೆ. ರಾತ್ರಿ ಮಿರ್ಚಿ ಮಂಡಕ್ಕಿ ಬಿಟ್ಟೆ, ಇದು ಔಷಧಿಗಿಂತ ಕಷ್ಟ ಆಯಿತು.

2019ರ ಮಧ್ಯದಲ್ಲಿ ಶುರು ಮಾಡಿದ್ದು. ಪ್ರತಿ ತಿಂಗಳು ಪಾಳಿ ಹಚ್ಚಿ, ಖಾಲಿ ಡಬ್ಬಿ ತೋರಿಸಿ ಹೊಸ ಡಬ್ಬಿ ತರುತ್ತಿದ್ದೆ. ವೆಲ್ಪಟಾಸ್ವಿರ್ ಜೋಡಿಯಿಂದ ಅಂಥ ತೊಂದರೆ ಏನೂ ಇಲ್ಲ, ಸ್ವಲ್ಪ ತಲೆನೋವು. ಕಾಟ ಕೊಟ್ಟದ್ದು ಹಳೆಯ ಶತ್ರು ರಿಬಾವಿರಿನ್ನೇ, ಹಿಮೋಗ್ಲೋಬಿನ್ ಹದಿಮೂರರಿಂದ ಒಂಬತ್ತಕ್ಕೆ ಬಂತು. ಊರಲ್ಲಿ ಎಲ್ಲರೂ ಖರ್ಜೂರ, ಬೀಟ್‌ರೂಟ್, ಕಬ್ಬಿಣದ ಟಾನಿಕ್ ಅಂದರು. ರಿಬಾವಿರಿನ್ ರಕ್ತಕಣವನ್ನೇ ಒಡೆಯುವುದು, ಕಬ್ಬಿಣದ ಕೊರತೆ ಅಲ್ಲ. ಡೋಸ್ ಇಳಿಸಿದರು, ಎರಡು ಮೂರು ವಾರಕ್ಕೆ ಹತ್ತೂವರೆ ಆಯಿತು. ನಾಲ್ಕನೇ ವಾರಕ್ಕೇ ಎಸ್‌ಜಿಪಿಟಿ ಮೂವತ್ತರೊಳಗೆ. ಹತ್ತು ವರ್ಷದಲ್ಲಿ ನಾನು ನೋಡದಿದ್ದ ನಂಬರ್ ಅದು, ಆದರೂ ಯಾರಿಗೂ ಹೇಳಲಿಲ್ಲ. ಇಂಟರ್‌ಫೆರಾನಿನಲ್ಲೂ ಇಳಿದಿತ್ತಲ್ಲ.

ಮುಗಿದು 12 ವಾರದ ಆರ್‌ಎನ್‌ಎ ರಿಪೋರ್ಟ್ ಕೈಗೆ ಬಂದದ್ದು 2020ರ ಮಾರ್ಚಿನಲ್ಲಿ, ಲಾಕ್‌ಡೌನ್ ಬೀಳುವ ಮುಂಚಿನ ವಾರ. ನಾಟ್ ಡಿಟೆಕ್ಟೆಡ್. ದೊಡ್ಡ ಡಾಕ್ಟರಿಗೆ ತೋರಿಸಲು ಆರೇಳು ತಿಂಗಳು ಕಾಯಬೇಕಾಯಿತು, ಅಷ್ಟರಲ್ಲಿ ಇನ್ನೊಂದು ಸಲವೂ ಮಾಡಿಸಿಕೊಂಡೇ ಹೋದೆ. ಎರಡೂ ನೋಡಿದರು. "ಲ್ಯಾಬ್ ಯಾವುದು?" ಅಂದರು. ಹೇಳಿದೆ. "ಹ್ಞೂಂ, ಸ್ಕ್ಯಾನ್ ತಪ್ಪಿಸಬೇಡಿ" ಅಂದರು. ಅವರ ಬಾಯಿಂದ ಅಷ್ಟೇ ಬಂದದ್ದು, ಅಷ್ಟು ಬಂದದ್ದೇ ಹೆಚ್ಚು ಅಂತಾಳೆ ಮನೆಯವಳು.

ದುಡ್ಡಿನ ಲೆಕ್ಕ: ಮೊದಲೆರಡು ಸುತ್ತಿಗೆ ಐದು ಲಕ್ಷದ ಹತ್ತಿರ ಕಳೆದೆ, ಮೂರನೆಯದಕ್ಕೆ ಬಸ್ಸು, ಊಟ, ಬಂದ್ ಮಾಡಿದ ಅಂಗಡಿ ಸೇರಿ ಮೂವತ್ತು ಸಾವಿರ ದಾಟಿರಲಿಕ್ಕಿಲ್ಲ.

ಸ್ಕ್ಯಾನ್ ವಿಷಯದಲ್ಲಿ ಅವರು ಹೇಳಿದ್ದು ಸರಿ. ಸಿರೋಸಿಸ್ ಆಗಿದ್ದವರಿಗೆ ವೈರಸ್ ಹೋದರೂ ಲಿವರ್ ಕ್ಯಾನ್ಸರಿನ ಭಯ ಪೂರ್ತಿ ಹೋಗುವುದಿಲ್ಲ, ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಎಎಫ್‌ಪಿ ಅನ್ನುವ ರಕ್ತಪರೀಕ್ಷೆ ಮಾಡಿಸುತ್ತಲೇ ಇದ್ದೇನೆ. ಇನ್ನೊಂದು ರಗಳೆ ಆಂಟಿಬಾಡಿ, ಅಂದರೆ ಒಮ್ಮೆ ಸೋಂಕು ಬಂದಿತ್ತು ಅಂತ ರಕ್ತದಲ್ಲಿ ಉಳಿಯುವ ಗುರುತು. ವೈರಸ್ ಹೋದರೂ ಅದು ಜೀವನಪೂರ್ತಿ ಪಾಸಿಟಿವ್. ಹೋದ ವರ್ಷ ಹಲ್ಲು ಕೀಳಿಸಲು ಹೋದರೆ ಅಲ್ಲಿನ ಹುಡುಗಿ ಆ ಒಂದು ಪದ ನೋಡಿ ನನ್ನನ್ನು ಕೊನೆಯ ಪಾಳಿಗೆ ತಳ್ಳಿದಳು. ಈಗ ಆರ್‌ಎನ್‌ಎ ರಿಪೋರ್ಟನ್ನು ಲ್ಯಾಮಿನೇಷನ್ ಮಾಡಿಸಿ ಅಂಗಿಯ ಜೇಬಲ್ಲಿ ಇಟ್ಟುಕೊಂಡಿರುತ್ತೇನೆ, ಬಾಯಿ ತೆರೆಯುವ ಮುಂಚೆ ಅದನ್ನೇ ತೆಗೆದು ಮೇಜಿನ ಮೇಲೆ ಇಡುತ್ತೇನೆ.