ಚಪ್ಪಟೆಯಾದ ಬಲ್ಬ್ ಹೇಳಿದ್ದು

ನನ್ನದು ಸಣ್ಣ ಫೈಬರ್ ದೋಣಿ. ಅದರ ಹಿಂಬದಿಗೆ ಸಿಕ್ಕಿಸಿದ್ದು 9.9 ಎಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಗಂಗೊಳ್ಳಿಯಲ್ಲಿ ಐದು ಹೊಳೆ ಕೂಡಿ ಕಡಲಿಗಿಳಿಯುವ ಅಳಿವೆ ದಾಟಿ, ಬೀಡುಬಲೆ ಬಿಟ್ಟು ಬರುವುದು ಕೆಲಸ. ಹೊಳೆಯೊಳಗೆ ನಿಧಾನಕ್ಕೆ ಹೋಗುವಾಗ ಎಂಜಿನ್ನಿಗೆ ಒಂದು ಸಣ್ಣ ತಕರಾರೂ ಇರಲಿಲ್ಲ. ಅಳಿವೆ ಬಾಗಿಲಲ್ಲಿ ತೆರೆಗೆ ಎದುರಾಗಿ ಥ್ರಾಟಲ್ ಪೂರ್ತಿ ಕೊಟ್ಟರೆ ಮಾತ್ರ ಎರಡು ನಿಮಿಷ ಓಡಿ, ಕೆಮ್ಮಿ, ನಿಂತೇಬಿಡುತ್ತಿತ್ತು. ನಿಲ್ಲಬಾರದ ಜಾಗವೇ ಅದು. ಎರಡು ಸಲ ಹುಟ್ಟು ಹಾಕಿಕೊಂಡು ವಾಪಸ್ ಬಂದೆ.

ದೋಣಿ ಕಟ್ಟುವ ಧಕ್ಕೆಯಲ್ಲಿ ಕೇಳಿದವರೆಲ್ಲ ಹೇಳಿದ್ದು ಒಂದೇ: "ಕಾರ್ಬೊರೇಟರ್ ಕಸ ಮಾರಾಯ, ಬಿಚ್ಚಿ ತೊಳೆ." ಮೆಕ್ಯಾನಿಕ್ ಹತ್ತಿರ ಕೊಟ್ಟೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಊದಿ, ಒಳಬರುವ ಪೆಟ್ರೋಲನ್ನು ತಡೆದು ಬಿಡುವ ಫ್ಲೋಟಿನ ನೀಡಲ್ ಹೊಸದು ಹಾಕಿ ಕೊಟ್ಟರು. ಮರುದಿನ ಅಳಿವೆಯಲ್ಲಿ ಮತ್ತೆ ಅದೇ ಕೆಮ್ಮು.

"ಅರ್ಧ ಥ್ರಾಟಲಿನಲ್ಲೇ ಹೋಗಿ ಬಾ" ಅಂದವರೂ ಇದ್ದರು. ಇದು ಅಪಾಯದ ಮಾತು. ನನ್ನ ಎಂಜಿನ್ನಿಗೆ ಆಯಿಲ್ ಬೇರೆ ದಾರಿಯಿಂದ ಹೋಗುವುದಿಲ್ಲ, ಲೀಟರ್ ಪೆಟ್ರೋಲಿಗೆ 20 ಮಿ.ಲೀ.ನಂತೆ ಬೆರೆಸಿದ್ದೇ ಹೋಗಬೇಕು. ಪೆಟ್ರೋಲ್ ಸಾಲದ ಎಂಜಿನ್ನನ್ನು ಹಾಗೇ ಓಡಿಸಿದರೆ ಆಯಿಲೂ ಕಡಿಮೆ, ಮೇಲಿಂದ ಬಿಸಿ ಜಾಸ್ತಿ. ಪಿಸ್ಟನ್ ಸಿಲಿಂಡರಿನೊಳಗೆ ಹಿಡಿದುಕೊಳ್ಳುವುದು ಹೀಗೆಯೇ.

ಮೂರನೇ ದಿನ ದೋಣಿಯನ್ನು ಎರಡು ಹಗ್ಗದಿಂದ ಧಕ್ಕೆಗೇ ಬಿಗಿದು ಕಟ್ಟಿದೆ. ಗೇರ್ ಹಾಕಿ, ತಮ್ಮನ ಕೈಗೆ ಥ್ರಾಟಲ್ ಕೊಟ್ಟು, ನಾನು ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಪೈಪಿನ ನಡುವಿನ, ಒತ್ತಿ ಪೆಟ್ರೋಲ್ ಹಾಯಿಸುವ ರಬ್ಬರ್ ಬಲ್ಬ್ ಹಿಡಿದು ಕೂತೆ. ಒಂದೂವರೆ ನಿಮಿಷಕ್ಕೆ ಅದು ಕೈಯಲ್ಲೇ ಮೆಲ್ಲಗೆ ಒಳಗೆ ಸೇದಿಕೊಂಡು ಚಪ್ಪಟೆಯಾಯಿತು. ಆಮೇಲೆಯೇ ಎಂಜಿನ್ ನಿಂತದ್ದು. ಅಳಿವೆಯಲ್ಲಿ ಇದು ಕಂಡಿರಲಿಲ್ಲ, ಯಾಕೆಂದರೆ ಎಂಜಿನ್ ನಿಂತ ಮೇಲೆ ಬಲ್ಬ್ ತಾನಾಗಿ ಉಬ್ಬಿಕೊಳ್ಳುತ್ತದೆ. ಮತ್ತೆ ಸ್ಟಾರ್ಟ್ ಮಾಡಲು ಎಂಜಿನ್ನಿನ ಹಗ್ಗ ಎಳೆಯುವ ಮುಂಚೆ ನಾನು ಮುಟ್ಟಿ ನೋಡಿದಾಗೆಲ್ಲ ಸರಿಯಾಗೇ ಇತ್ತು.

ಬಲ್ಬ್ ಚಪ್ಪಟೆಯಾದರೆ ಎಂಜಿನ್ನಿನ ಪಂಪ್ ಎಳೆಯುತ್ತಿದೆ, ಹಿಂದಿನಿಂದ ಬರುತ್ತಿಲ್ಲ ಅಂತ ಅರ್ಥ. ಅಂದರೆ ಕಾರ್ಬೊರೇಟರಿನ ತಪ್ಪಲ್ಲ, ಟ್ಯಾಂಕಿನಿಂದ ಬಲ್ಬಿನವರೆಗಿನ ದಾರಿಯದ್ದು. ಬಲ್ಬ್ ಎಷ್ಟು ಒತ್ತಿದರೂ ಮೆತ್ತಗೇ ಇದ್ದಿದ್ದರೆ ಎಲ್ಲೋ ಗಾಳಿ ಹಿಡಿಯುತ್ತಿದೆಯೇ ಅಂತ ಮೊದಲು ಹುಡುಕುತ್ತಿದ್ದೆ. ಹೆಚ್ಚಾಗಿ ಪೈಪ್ ಸಿಕ್ಕಿಸುವ ಕನೆಕ್ಟರಿನ ಓ-ರಿಂಗ್, ಅಂದರೆ ರಬ್ಬರ್ ಉಂಗುರ, ಸವೆದಿರುತ್ತದೆ.

ಮೊದಲು ಟ್ಯಾಂಕಿನ ಮುಚ್ಚಳದಲ್ಲಿ, ಪೆಟ್ರೋಲ್ ಇಳಿದಂತೆ ಒಳಗೆ ಗಾಳಿ ಬಿಡುವ ಸ್ಕ್ರೂ ನೋಡಿದೆ. ಅದನ್ನು ಸಡಿಲಿಸಲು ಮರೆತು ಒದ್ದಾಡಿದವರು ಎಷ್ಟೋ ಜನ. ನನ್ನದು ಸಡಿಲವಾಗೇ ಇತ್ತು. ಮುಚ್ಚಳವನ್ನೇ ತೆಗೆದಿಟ್ಟು ಓಡಿಸಿದರೂ ಬಲ್ಬ್ ಚಪ್ಪಟೆ. ಟ್ಯಾಂಕಿನೊಳಗಿನ ಹೀರು ಕೊಳವೆಯ ತುದಿಯ ಜಾಲರಿ ಎಳೆದು ನೋಡಿದೆ, ಕಸವಿಲ್ಲ. ಪೈಪ್ ಬಿಚ್ಚಿ ಬಾಯಿಟ್ಟು ಊದಿದೆ. ಗಾಳಿ ಸಲೀಸಾಗಿ ಹೋಯಿತು, ಬಾಯಿಗೆ ಪೆಟ್ರೋಲ್ ರುಚಿ ಬಂದದ್ದೇ ಲಾಭ. "ಪೈಪ್ ಸರಿ ಇದೆ" ಅಂತ ಬದಿಗಿಟ್ಟೆ. ಅಲ್ಲೇ ಅರ್ಧ ದಿನ ಹಾಳಾಯಿತು.

ಕೊನೆಗೆ ಪಕ್ಕದ ದೋಣಿಯ ಅಣ್ಣನ ಟ್ಯಾಂಕ್, ಪೈಪ್ ಎರಡನ್ನೂ ಕೇಳಿ ತಂದು ಸಿಕ್ಕಿಸಿದೆ. ಅವರದೂ ನನ್ನಂಥದೇ ಎಂಜಿನ್. ಪೂರ್ತಿ ಥ್ರಾಟಲಿನಲ್ಲಿ ಹತ್ತು ನಿಮಿಷ, ಒಂದು ಕೆಮ್ಮಿಲ್ಲ. ಆಮೇಲೆ ನನ್ನ ಟ್ಯಾಂಕಿಗೆ ಅವರ ಪೈಪ್: ಓಡಿತು. ಅವರ ಟ್ಯಾಂಕಿಗೆ ನನ್ನ ಪೈಪ್: ನಿಂತಿತು.

ಪೈಪನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಟ್ಯಾಂಕಿನ ಬದಿಯ ಗೇಣುದ್ದದಲ್ಲಿ ಒಳಪದರ ಹಾವಿನ ಪೊರೆಯಂತೆ ಎದ್ದುಬಂದಿತ್ತು. ಊದಿದಾಗ ಅದು ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತದೆ, ಎಂಜಿನ್ ಎಳೆದಾಗ ಒಳಕ್ಕೆ ಮುದುರಿ ದಾರಿ ಮುಚ್ಚುತ್ತದೆ. ನಿಧಾನಕ್ಕೆ ಹೋಗುವಾಗ ಸಂದಿಯಲ್ಲಿ ಜಿನುಗಿದಷ್ಟೇ ಸಾಕಾಗುತ್ತಿತ್ತು. ಅದಕ್ಕೇ ಹೊಳೆಯಲ್ಲಿ ಗೊತ್ತಾಗುತ್ತಿರಲಿಲ್ಲ. ಪೈಪ್ ಹಳೆಯದು, ಬಿಸಿಲಲ್ಲಿ ಬಿದ್ದಿದ್ದು. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಬೇರೆ. ಹಳೇ ರಬ್ಬರಿಗೆ ಅದು ಹಿಡಿಸುವುದಿಲ್ಲ, ನೀರನ್ನೂ ಎಳೆದುಕೊಳ್ಳುತ್ತದೆ. ಇವುಗಳಲ್ಲಿ ನನ್ನ ಅನುಮಾನ ಬಿಸಿಲಿನ ಮೇಲೇ ಜಾಸ್ತಿ.

ಎಥೆನಾಲ್ ತಡೆಯುವ ಪೈಪೇ ಬೇಕು ಅಂತ ಹಟ ಹಿಡಿದು, ಬಲ್ಬ್ ಸಮೇತ ಹೊಸದು ತಂದೆ. ಬಲ್ಬಿನ ಮೇಲಿನ ಬಾಣ ಎಂಜಿನ್ ಕಡೆಗಿರುವ ಹಾಗೆ ಹಾಕಿ, ಎರಡೂ ತುದಿಗೆ ಸ್ಟೀಲ್ ಕ್ಲಿಪ್ ಬಿಗಿದೆ. ಈಗ ದಡಕ್ಕೆ ಬಂದ ಮೇಲೆ ಪೈಪ್ ಕಳಚಿ, ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಪೈಪನ್ನು ಸುತ್ತಿ ನೆರಳಿಗಿಡುತ್ತೇನೆ.

ಮೆಕ್ಯಾನಿಕ್ ತೆಗೆದುಕೊಟ್ಟ ಹಳೇ ನೀಡಲ್ ಇನ್ನೂ ಸ್ಪ್ಯಾನರ್ ಡಬ್ಬಿಯಲ್ಲಿದೆ. ನೋಡಿದರೆ ಒಂದು ಚೂರೂ ಸವೆದಿಲ್ಲ.